ಸೈಟಿನ ಕರೆಂಟ್ ಬೋರ್ಡಿಗೆ ಒಂದು ಆರ್‌ಸಿಸಿಬಿ ಹಾಕಿಸಿ

ನಾನು ಬಳ್ಳಾರಿಯಲ್ಲಿ ವೈರಿಂಗ್ ಕೆಲಸ ಮಾಡುವವನು. ಹದಿನೆಂಟು ವರ್ಷವಾಯಿತು. ಮನೆ ಕಟ್ಟಿಸುತ್ತಿರುವವರಿಗೆ ಆರ್‌ಸಿಸಿಬಿ ಬಗ್ಗೆ, ಅಂದರೆ ಕರೆಂಟು ನೆಲಕ್ಕೆ ಸೋರಿದರೆ ತಾನೇ ಲೈನ್ ಕತ್ತರಿಸುವ ಸ್ವಿಚ್ಚಿನ ಬಗ್ಗೆ, ಒಂದು ಮಾತು ಹೇಳಬೇಕಿದೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ಹೋದ ಬೇಸಿಗೆಯಲ್ಲಿ ಒಂದು ಮನೆಯ ಮೆಟ್ಟಿಲಿಗೆ ಗ್ರಾನೈಟ್ ಕೂರಿಸುತ್ತಿದ್ದರು. ಕುಷ್ಟಗಿ ಕಡೆಯ ಹುಡುಗ, ಇಪ್ಪತ್ತೆರಡು ವರ್ಷ ಇರಬಹುದು. ಕಟಿಂಗ್ ಮಷಿನ್ ಹಿಡಿದು ಕಲ್ಲು ಕೊಯ್ಯುತ್ತಿದ್ದ. ಧೂಳು ಏಳಬಾರದು, ಬ್ಲೇಡು ಕಾಯಬಾರದು ಅಂತ ಪಕ್ಕದಲ್ಲಿ ಇನ್ನೊಬ್ಬ ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ನೀರು ಬಿಡುತ್ತಿದ್ದ. ಆ ನೀರೆಲ್ಲ ಹುಡುಗನ ಬರಿಗಾಲ ಕೆಳಗೆ ನಿಂತಿತ್ತು. ನಾನು ಮಹಡಿಯಲ್ಲಿ ಪೈಪಿನೊಳಗೆ ವೈರು ಎಳೆಯುತ್ತಿದ್ದೆ. ಕೂಗು ಕೇಳಿ ಇಳಿದು ಬರುವಷ್ಟರಲ್ಲಿ ವಯಸ್ಸಾದ ಗೌಂಡಿಯೊಬ್ಬರು ಓಡಿಹೋಗಿ ಬೋರ್ಡಿನ ಸ್ವಿಚ್ ಆರಿಸಿದ್ದರು. ಹುಡುಗ ಗೋಡೆಗೆ ಒರಗಿ ಕೂತಿದ್ದ. ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು.

"ಕೈ ಬಿಡಬೇಕಂತ ಮಾಡಿದೆ ಅಣ್ಣಾ, ಬಿಡಾಕ ಆಗ್ಲಿಲ್ಲ" ಅಂದ.

ಆಮೇಲೆ ಮಷಿನ್ ಎತ್ತಿ ನೋಡಿದೆ. ವೈರು ಒಳಗೆ ಹೋಗುವ ಕುತ್ತಿಗೆಯ ಹತ್ತಿರ ಮೇಲಿನ ರಬ್ಬರು ಕಿತ್ತುಹೋಗಿತ್ತು. ಕಪ್ಪು ಟೇಪು ಸುತ್ತಿದ್ದರು. ಟೇಪಿನ ಅಂಟು ಬಿಸಿಲಿಗೆ ಬಿಟ್ಟು, ಒಳಗೆ ನೀರು ಇಳಿದಿತ್ತು. ಅವನ ಅಂಗೈ ಕೂತಿದ್ದದ್ದು ಸರಿಯಾಗಿ ಅಲ್ಲೇ.

ಹುಡುಗ ಬದುಕಿಕೊಂಡ. ಆದರೆ ಆ ಬೋರ್ಡು ಕಟ್ಟಿಕೊಟ್ಟವನು ನಾನು. ಆರ್‌ಸಿಸಿಬಿ ಹಾಕೋಣ ಅಂತ ಮನೆಯವರಿಗೆ ಹೇಳಿದ್ದೆ. "ನಾಲ್ಕು ತಿಂಗಳ ಕೆಲಸಕ್ಕ ಅದ್ಯಾಕ ಬೇಕ್ರೀ, ಎಂಸಿಬಿ ಐತಲ್ಲ" ಅಂದರು. ನಾನೂ ಸುಮ್ನಾದೆ. ಹಾಗೆ ಸುಮ್ನಾದದ್ದು ಇವತ್ತಿಗೂ ಚುಚ್ಚುತ್ತದೆ.

ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್ಚು, ಇದ್ದರೆ ಜೀವಕ್ಕೆ ಭಯವಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ಇರುವುದು ವೈರು ಸುಡದಿರಲಿ ಅಂತ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಜಾಸ್ತಿ ಕರೆಂಟು ಹರಿಯಬೇಕು. ಒದ್ದೆ ಮೈಯಲ್ಲಿ 230 ವೋಲ್ಟಿಗೆ ಹರಿಯುವುದು ಸುಮಾರು ಕಾಲು ಆಂಪಿಯರ್, ಹಳೇ 60 ವ್ಯಾಟಿನ ಬಲ್ಬು ಎಳೆಯುವಷ್ಟು. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಹಿಡಿದ ಕೈ ಬಿಡಲಾಗದಂತೆ ಬಿಗಿದುಕೊಳ್ಳಲು 10ರಿಂದ 20 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಒಂದೆರಡು ಪಾಲು, ಸಾಕು. ಹುಡುಗ ಹೇಳಿದ್ದು ಇದನ್ನೇ.

ಆರ್‌ಸಿಸಿಬಿ ಕೆಲಸ ಬೇರೆ. ಹೋದ ಕರೆಂಟು ಅಷ್ಟೂ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರಿನದ್ದು ಹಾಕಿಸಿದರೆ, ಅಷ್ಟು ಕರೆಂಟು ಯಾರದಾದರೂ ಮೈಯಿಂದ ನೆಲಕ್ಕೆ ಇಳಿದ ತಕ್ಷಣ ಲೈನ್ ಕತ್ತರಿಸುತ್ತದೆ. ಬೆಲೆ ಎರಡು ಸಾವಿರದ ಆಸುಪಾಸು. ಕೆಲಸ ಮುಗಿದ ಮೇಲೆ ಬಿಚ್ಚಿ ಅದೇ ಮನೆಯ ಮೇನ್ ಬೋರ್ಡಿಗೆ ಹಾಕಿಕೊಳ್ಳಬಹುದು, ದುಡ್ಡು ಎಲ್ಲೂ ಹೋಗುವುದಿಲ್ಲ. ಒಂದು ಮಾತ್ರ ನೆನಪಿರಲಿ: ಫೇಸು (ಕರೆಂಟು ಬರುವ ವೈರು), ನ್ಯೂಟ್ರಲ್ಲು (ವಾಪಸ್ ಹೋಗುವ ವೈರು) ಎರಡನ್ನೂ ಒಟ್ಟಿಗೆ ಮುಟ್ಟಿದರೆ ಅದಕ್ಕೂ ಗೊತ್ತಾಗುವುದಿಲ್ಲ. ಹಾಗಾಗಿ ಪ್ಲಗ್ ಇಲ್ಲದೆ ಬರೀ ವೈರು ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದನ್ನು ನಿಮ್ಮ ಸೈಟಿನಲ್ಲಿ ಬಿಡಲೇಬೇಡಿ.

ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಲು ಗುಂಡಿಯಲ್ಲಿ ಹೂತ ರಾಡಿನ ಬಗ್ಗೆಯೂ ಹೇಳಬೇಕು. ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ಒಳ್ಳೇ ಅರ್ಥ್ ಕೊಡುತ್ತದೆ. ಏಪ್ರಿಲ್ ಬಂತೆಂದರೆ ಬಿರುಕು ಬಿಟ್ಟು ರಾಡನ್ನೇ ಬಿಟ್ಟು ಸರಿಯುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ. ಗೋಡೆಗೆ ಕ್ಯೂರಿಂಗ್ ನೀರು ಹೊಡೆಯುವಾಗ ಆ ಗುಂಡಿಗೂ ಎರಡು ಕೊಡ ಸುರಿಯಿರಿ. ಅರ್ಥ್ ಸಿಗಲಿಲ್ಲ ಅಂತ ಮಷಿನಿನ ಅರ್ಥ್ ವೈರನ್ನು ನ್ಯೂಟ್ರಲ್ಲಿಗೆ ಸೇರಿಸುವವರೂ ಇದ್ದಾರೆ. ನ್ಯೂಟ್ರಲ್ ಎಲ್ಲಾದರೂ ಕಟ್ ಆದರೆ ಮಷಿನಿನ ಇಡೀ ಕಬ್ಬಿಣದ ಮೈಗೆ ಕರೆಂಟು ಬರುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಸ್ಲ್ಯಾಬ್ ಹಾಕುವ ದಿನ. ಇಪ್ಪತ್ತು ಮಂದಿ ಹಸಿ ಕಾಂಕ್ರೀಟಿನಲ್ಲಿ ಕಾಲಿಟ್ಟು ನಿಂತಿರುತ್ತಾರೆ, ಅವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಕೆಳಗೆ ಒಂದಕ್ಕೊಂದು ಕಟ್ಟಿದ ಕಬ್ಬಿಣ. ಕಾಂಕ್ರೀಟು ಅಲುಗಾಡಿಸಿ ಕೂರಿಸುವ ವೈಬ್ರೇಟರಿನ ವೈರನ್ನು ಅದರ ಮೇಲೇ ಎಳೆದಾಡುತ್ತಾರೆ. ಸೆಂಟ್ರಿಂಗ್ ಶೀಟಿನ ಅಂಚು ವೈರನ್ನು ಒಂದು ಕಡೆ ಕೊಯ್ದರೂ ಆ ಕಬ್ಬಿಣದ ಮೇಲಿರುವವರಿಗೆಲ್ಲ ಅಪಾಯ. ವೈರನ್ನು ಕೋಲು ನಿಲ್ಲಿಸಿ ತಲೆಯ ಮೇಲಿಂದ ತನ್ನಿ. ಜಾಯಿಂಟ್ ಇಲ್ಲದ ಒಂದೇ ತುಂಡು ಇರಲಿ.

ಹುಡುಗರಿಗೆ "ಹುಷಾರಪ್ಪಾ" ಅಂದರೆ ನಮ್ಮ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುತ್ತೇವೆ. ದಿನಗೂಲಿಗೆ ಬಂದವನು ಬೋರ್ಡು ಸರಿಯಿಲ್ಲ, ಕೆಲಸ ಮಾಡುವುದಿಲ್ಲ ಅಂತ ಹೇಳಲು ಆಗುತ್ತದಾ? ನಾಳೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಬೋರ್ಡು ನಿಮ್ಮದು, ಮನೆ ನಿಮ್ಮದು. ಅದನ್ನು ನೋಡಿಕೊಳ್ಳಬೇಕಾದವರೂ ನೀವೇ, ಅಲ್ವಾ? ನನ್ನಂಥ ಎಲೆಕ್ಟ್ರಿಷಿಯನ್ನರಿಗೂ ಇದೇ ಮಾತು. ಈಗ ಆರ್‌ಸಿಸಿಬಿ ಬೇಡ ಅನ್ನುವವರ ಸೈಟಿಗೆ ನಾನು ಟೆಂಪರರಿ ಲೈನ್ ಕೊಡುವುದಿಲ್ಲ. ಎರಡು ಕೆಲಸ ಕೈ ತಪ್ಪಿವೆ. ತಪ್ಪಲಿ.

ನಾಳೆ ಬೆಳಿಗ್ಗೆ ಸೈಟಿಗೆ ಹೋದಾಗ ಬೋರ್ಡಿನದ್ದೊಂದು ಫೋಟೋ ತೆಗೆದು ಇಲ್ಲಿ ಹಾಕಿ. ಏನು ಕಮ್ಮಿ ಇದೆ ಅಂತ ನೋಡಿ ಹೇಳುತ್ತೇನೆ. ಆರ್‌ಸಿಸಿಬಿ ಇದ್ದರೆ ಅದರ ಮೇಲಿನ ಟೆಸ್ಟ್ ಬಟನ್ ಒಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಅವತ್ತು ಯಾರಿಗೂ ಮಷಿನ್ ಮುಟ್ಟಲು ಬಿಡಬೇಡಿ, ಮೊದಲು ನನಗೆ ಮೆಸೇಜ್ ಮಾಡಿ.