ಎದುರು ಮನೆಯ ಚೆಂದಕ್ಕೆ ನಮ್ಮ ಬಾಡಿಗೆ

ಊರಿನ ಹಳೇ ಭಾಗದಲ್ಲಿ ಬಾಡಿಗೆ ಮನೆ ಹುಡುಕುವವರು ಮೊದಲು ಮರುಳಾಗುವುದು ಬೀದಿಗೆ. ಕಲ್ಲು ಹಾಸಿದ ದಾರಿ, ಕುಸುರಿ ಕೆಲಸದ ಕಬ್ಬಿಣದ ಬಾಲ್ಕನಿ, ಮೊಣಕೈ ಉದ್ದದ ದಪ್ಪ ಗೋಡೆ. ಒಳಗೆ ಕಾಲಿಡುವ ಹೊತ್ತಿಗೆ ಮನಸ್ಸು ಆಗಲೇ ಅಡ್ವಾನ್ಸ್ ಕೊಟ್ಟಾಗಿರುತ್ತದೆ.

ನನ್ನ ತಕರಾರು ಇಷ್ಟೇ. ಬಾಗಿಲು ಹಾಕಿಕೊಂಡ ಮೇಲೆ ನಮ್ಮ ಮನೆಯ ಮುಖ ನಮಗೆ ಕಾಣುವುದಿಲ್ಲ. ಕಿಟಕಿಯಿಂದ ಕಾಣುವುದು ಎದುರು ಮನೆ. ನಮ್ಮ ಬಾಲ್ಕನಿ ನೋಡಿ ಖುಷಿ ಪಡುವವರು ಎದುರು ಮನೆಯವರು. ಅಂದರೆ ನಾವು ಕೊಡುವ ಜಾಸ್ತಿ ಬಾಡಿಗೆ ಅವರ ಕಣ್ಣಿನ ಸುಖಕ್ಕೆ, ಅವರದ್ದು ನಮ್ಮದಕ್ಕೆ. ಎದುರು ಮನೆಯೂ ಹಳೇದಾಗಿದ್ದರೆ ಲೆಕ್ಕ ಸರಿಹೋಗುತ್ತದೆ. ಅಲ್ಲೊಂದು ಹೊಸ ಗಾಜಿನ ಕಟ್ಟಡ ಎದ್ದಿದ್ದರೆ ನಷ್ಟ ನಮಗೇ.

ಕಾನೂನು ಕೂಡ ದಾರಿಹೋಕರ ಪರವೇ. ಹಳೇ ಬಡಾವಣೆಯನ್ನು ಇಡಿಯಾಗಿ ಉಳಿಸಿಕೊಳ್ಳಬೇಕು ಅಂತ ಅಮೆರಿಕದಲ್ಲಿ ಮೊದಲು ನಿಯಮ ಮಾಡಿದ್ದು ಚಾರ್ಲ್ಸ್‌ಟನ್ ನಗರ, 1931ರಲ್ಲಿ. ಫ್ರಾನ್ಸ್ 1962ರಲ್ಲಿ ಇಂಥದೇ ಕಾನೂನು ತಂದ ಮೇಲೆ ಪ್ಯಾರಿಸ್‌ನ ಹಾಳು ಬಿದ್ದಿದ್ದ ಮಾರೇ ಬಡಾವಣೆ ಚೇತರಿಸಿಕೊಂಡಿತು. ಈಗ ಅಲ್ಲಿನ ಬಾಡಿಗೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಬಾಸ್ಟನ್‌ನ ಬೀಕನ್ ಹಿಲ್‌ಗೆ ಈ ರಕ್ಷಣೆ ಸಿಕ್ಕಿದ್ದು 1955ರಲ್ಲಿ. ಅಲ್ಲಿ ಬೀದಿಯಿಂದ ಕಾಣುವ ಯಾವುದನ್ನು ಬದಲಿಸಬೇಕಾದರೂ ಒಂದು ಸಮಿತಿಯ ಒಪ್ಪಿಗೆ ಬೇಕು. ಮುಂಬಾಗಿಲಿನ ಬಣ್ಣಕ್ಕೂ ಬೇಕು. ಬಚ್ಚಲಿಗೆ ಗಿಳಿ ಹಸಿರು ಬಳಿದರೆ ಆ ಸಮಿತಿ ಕೇಳುವುದಿಲ್ಲ. ಮಾಲೀಕರು ಕೇಳಬಹುದು, ಅದು ಬೇರೆ ಮಾತು.

ಒಂದೇ ಬೆಡ್‌ರೂಮಿನ ಮನೆ ಇಂಥ ಕಡೆ ಸಾಮಾನ್ಯವಾಗಿ ಹುಟ್ಟುವುದು ದೊಡ್ಡ ಮನೆ ಒಡೆದು. ಒಂದು ಕಾಲಕ್ಕೆ ಒಂದೇ ಸಂಸಾರ, ಆಳುಕಾಳು ಎಲ್ಲ ಇದ್ದ ಮನೆ ಆಮೇಲೆ ಆರೆಂಟು ಭಾಗವಾಗುತ್ತದೆ. ಪಾಲು ಮಾಡಿದ್ದರ ಗುರುತು ಸೂರಿನಲ್ಲಿರುತ್ತದೆ. ತಲೆಯೆತ್ತಿ ನೋಡಿ. ಹಾಲಿನ ಸೂರಿನ ನಡುವೆ ಗಾರೆಯಲ್ಲಿ ಮಾಡಿದ ದೊಡ್ಡ ಹೂವು ಇರುತ್ತದಲ್ಲ, ದೀಪ ತೂಗುಹಾಕುವ ಜಾಗದಲ್ಲಿ? ಪಾಲಾದ ಮನೆಯಲ್ಲಿ ಅದು ನಡುವೆ ಇರದೆ ಒಂದು ಮೂಲೆಗೆ ಸರಿದಿರುತ್ತದೆ. ಕೆಲವು ಕಡೆ ಗೋಡೆ ಹೂವಿನ ಮೇಲೇ ಹಾದುಹೋಗಿ ಅರ್ಧ ಎಸಳು ಇಲ್ಲಿ, ಉಳಿದರ್ಧ ಪಕ್ಕದ ಮನೆಯಲ್ಲಿ. ಸೂರಿನಂಚಿನ ಅಲಂಕಾರದ ಪಟ್ಟಿ ಮೂರು ಗೋಡೆಗಿದ್ದು ನಾಲ್ಕನೆಯದಕ್ಕೆ ಇಲ್ಲದಿದ್ದರೆ ಆ ಗೋಡೆ ಆಮೇಲೆ ಬಂದದ್ದು ಅಂತ ಲೆಕ್ಕ. ಬೆರಳು ಮಡಚಿ ತಟ್ಟಿ ನೋಡಿ, ಡಬ್ ಅನ್ನುತ್ತದೆ. ಅದಕ್ಕೆ ಒತ್ತಿ ಮಂಚ ಹಾಕಬೇಡಿ. ಪಕ್ಕದವರ ಅಲಾರಂಗೆ ನೀವು ಏಳಬೇಕಾಗುತ್ತದೆ.

ಮೂಲ ಗೋಡೆಗಳ ಕಥೆ ಉಲ್ಟಾ. ಅವು ಬೇಸಿಗೆಯ ಬಿಸಿಲನ್ನೂ ಬಿಡುವುದಿಲ್ಲ, ವೈಫೈಯನ್ನೂ ಬಿಡುವುದಿಲ್ಲ. ಬಹಳಷ್ಟು ಸುಣ್ಣದ ಗಾರೆಯವು. ಸುಣ್ಣ ತೇವ ಹೀರಿಕೊಂಡು ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಯಾರೋ ಅವಸರದ ಮೇಸ್ತ್ರಿ ಸಿಮೆಂಟ್ ಮೆತ್ತಿದ್ದರೆ ತೇವ ಒಳಗೇ ಸಿಕ್ಕಿಕೊಂಡು, ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ, ಬಿಳಿ ಉಪ್ಪಾಗಿ ಉದುರುತ್ತದೆ. ಮನೆ ತೋರಿಸುವವರು ಸರಿಯಾಗಿ ಅಲ್ಲೇ ಒಂದು ಬೀರು ಇಟ್ಟಿರುತ್ತಾರೆ. ಸುಮ್ನೆ ಅದರ ಹಿಂದೆ ಇಣುಕಿ. ಅಮೆರಿಕದಲ್ಲಾದರೆ ಬಣ್ಣದ ಬಗ್ಗೆಯೇ ಕಾಗದ ಕೇಳಿ ಪಡೆಯಬಹುದು. 1978ಕ್ಕಿಂತ ಹಿಂದಿನ ಮನೆಯಲ್ಲಿ ಸೀಸದ ಬಣ್ಣ ಇರುವುದು ಮಾಲೀಕರಿಗೆ ಗೊತ್ತಿದ್ದರೆ ಬಾಡಿಗೆದಾರರಿಗೆ ಹೇಳಲೇಬೇಕು ಅನ್ನುವುದು ಅಲ್ಲಿನ ಕಾನೂನು.

ಮಹಡಿಯ ವಿಷಯದಲ್ಲಿ ಮಾತ್ರ ನನಗೆ ಮಾಲೀಕರ ಮೇಲೆ ನಿಜವಾದ ಸಿಟ್ಟಿದೆ. ಲಿಫ್ಟ್ ಬರುವ ಮೊದಲು ಅನುಕೂಲಸ್ಥರು ಇರುತ್ತಿದ್ದದ್ದು ಕೆಳಗಿನ ಮಹಡಿಗಳಲ್ಲಿ. ಪ್ಯಾರಿಸ್‌ನ ಹಳೇ ಕಟ್ಟಡಗಳಲ್ಲಿ ಸೂರಿನಡಿಯ ಕೋಣೆಗಳು ಕೆಲಸದವರ ಪಾಲು. ಮೆಟ್ಟಿಲು ಹತ್ತಿ ಸಾಯುವವರು ಅವರು ತಾನೇ. ಎಲಿಷಾ ಓಟಿಸ್‌ನ ಕಂಪನಿ 1857ರಲ್ಲಿ ನ್ಯೂಯಾರ್ಕಿನ ಒಂದು ಅಂಗಡಿಗೆ ಜನ ಹತ್ತುವ ಲಿಫ್ಟ್ ಹಾಕಿತು. ಆಮೇಲೆ ನಿಧಾನಕ್ಕೆ ಲೆಕ್ಕ ತಲೆಕೆಳಗಾಗಿ ಮೇಲಿನ ಮನೆ ದುಬಾರಿಯಾಯಿತು. ನ್ಯಾಯವಾಗಿ ನೋಡಿದರೆ ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಹಳೇ ಲೆಕ್ಕವೇ ನಡೆಯಬೇಕು. ಅದೆಲ್ಲಿ! ಐದನೇ ಮಹಡಿ, ಮೆಟ್ಟಿಲೇ ಗತಿ, ಬಾಡಿಗೆ ಮಾತ್ರ ಎಲ್ಲಕ್ಕಿಂತ ಜಾಸ್ತಿ. ಕೇಳಿದರೆ "ವ್ಯೂ ಇದೆಯಲ್ಲ" ಅನ್ನುತ್ತಾರೆ. ಹತ್ತಿ ಬಂದ ಮೇಲೆ ವ್ಯೂ ನೋಡಲು ಉಸಿರು ಬೇಕಲ್ವಾ?

ಮನುಷ್ಯರಾದರೂ ಹೇಗೋ ಹತ್ತುತ್ತಾರೆ, ಸಾಮಾನು ಹತ್ತುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಜನ ಈ ಸಮಸ್ಯೆಗೆ ಮೊದಲೇ ಸೋತು ಒಪ್ಪಿಕೊಂಡವರು. ಕಾಲುವೆ ಪಕ್ಕದ ಅವರ ಹಳೇ ಮನೆಗಳಲ್ಲಿ ಮೆಟ್ಟಿಲು ಏಣಿಯಷ್ಟು ಕಡಿದು. ಅದಕ್ಕೇ ಮನೆಯ ನೆತ್ತಿಯಲ್ಲಿ ಒಂದು ತೊಲೆ, ಅದಕ್ಕೊಂದು ಕೊಕ್ಕೆ. ಹಗ್ಗ ಕಟ್ಟಿ ಬೀರುವನ್ನು ಹೊರಗಿನಿಂದ ಎಳೆದು ಕಿಟಕಿಯಲ್ಲಿ ಒಳಗೆ ತಗೊಳ್ಳುತ್ತಾರೆ. ಎಷ್ಟೋ ಮನೆಗಳ ಮುಂಗೋಡೆ ಬೀದಿಯ ಕಡೆ ಚೂರು ಬಾಗಿರುತ್ತದೆ. ಎಳೆಯುವ ಸಾಮಾನು ಗೋಡೆಗೆ ಬಡಿಯಬಾರದು ಅನ್ನುವುದೂ ಅದಕ್ಕೊಂದು ಕಾರಣ.

ಕೊಕ್ಕೆ ಇಲ್ಲದ ಊರಿನವರು ಏನು ಮಾಡಬೇಕು? ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಒಂದು ಟೇಪು ಹಿಡಿದು ಮೆಟ್ಟಿಲ ತಿರುವಿನ ಅಗಲ ಅಳೆಯಬೇಕು. ಅಳೆದ ಮೇಲೆ ಮನೆ ಬಿಡಬೇಕೋ ಸೋಫಾ ಬಿಡಬೇಕೋ ಅನ್ನುವ ಪ್ರಶ್ನೆ ಬಂದರೆ, ಸೋಫಾ ಮಾರಿಬಿಡಿ ಅನ್ನುವುದು ನನ್ನ ಅಭಿಪ್ರಾಯ. ಎರಡು ಮಡಚುವ ಕುರ್ಚಿ ಸಾಕು. ಬೆಡ್‌ರೂಮ್ ಒಂದೇ ಇರುವ ಮನೆಗೆ, ಅದೂ ಅಷ್ಟೆಲ್ಲ ಮೆಟ್ಟಿಲು ಹತ್ತಿ, ನೆಂಟರು ಪದೇ ಪದೇ ಬರುವುದಿಲ್ಲ.