ಕೆಳಗಿನ ಸಾಲನ್ನು ಯಾಕೆ ಓದಲಿಲ್ಲ ಭಾವ?

ಬೆಂಗಳೂರಿನಿಂದ ಉಡುಪಿಯ ನಮ್ಮ ಮನೆಗೆ ಬರುವ ದಾರಿಯ ಬಗ್ಗೆ ನಾನು ಕಳಿಸಿದ ಮೆಸೇಜನ್ನು ಅರ್ಧ ಓದಿದರು. ಅರ್ಧ ಅಷ್ಟೇ. ಉಳಿದರ್ಧ ಅದರ ಕೆಳಗೇ ಇತ್ತು, ಅದೇ ಸ್ಕ್ರೀನಿನಲ್ಲಿ. ಹೆಬ್ಬೆರಳನ್ನು ಒಂದು ಚೂರು ಸರಿಸಿದ್ದರೆ ಸಾಕಿತ್ತು.

ಈಗ ರಾತ್ರಿ 12:35. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಹೊರಗೆ ಆಟಿ ತಿಂಗಳ ಮಳೆ ಹಂಚಿನ ಮೇಲೆ ಹೊಡೆಯುತ್ತಿದೆ. ನನಗೆ ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ. ಯಾರಿಗೆ ಹೇಳುವುದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಅಕ್ಕ-ಭಾವನಿಗೆ ನಾನು ಮೊದಲೇ ಹೇಳಿದ್ದೆ. ಶನಿವಾರ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಉಡುಪಿಯಲ್ಲಿ ಇಳಿಯಿರಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಇಡೀ ಭಾನುವಾರ ಕೈಯಲ್ಲಿರುತ್ತದೆ. ರಾತ್ರಿ ಮತ್ತೆ ಬಸ್ಸು, ಸೋಮವಾರ ಬೆಳಿಗ್ಗೆ ಬೆಂಗಳೂರು. ಎಷ್ಟು ಸುಲಭ ಅಲ್ವಾ? ಇಲ್ಲ. ಹೊಸ ಕಾರು ಬಂದಿದೆಯಲ್ಲ. ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಆಗಬೇಕಂತೆ. ಬೆಂಗಳೂರಿನಿಂದ ಉಡುಪಿಗೆ ಹತ್ತಿರ ಹತ್ತಿರ 400 ಕಿ.ಮೀ. ಹೋಗಿ ಬರುವುದು 800. ಅದರಲ್ಲಿ ಘಾಟಿ ಎರಡು ಸಲ. ಅದೂ ಜುಲೈ ತಿಂಗಳಲ್ಲಿ. ಇದಕ್ಕೆ ಟ್ರಿಪ್ ಅಂತ ಯಾರು ಹೆಸರಿಟ್ಟರೋ ನನಗೆ ಗೊತ್ತಿಲ್ಲ.

ಆದರೂ ಅಕ್ಕ ಫೋನ್ ಮಾಡಿ, "ನೀನೇ ಸರಿಯಾಗಿ ಪ್ಲಾನ್ ಮಾಡಿ ಕೊಡು ಮಾರಾಯ, ಇವರಿಗೆ ಘಾಟಿ ದಾರಿ ಅಷ್ಟು ಗೊತ್ತಿಲ್ಲ" ಎಂದಳು. ಅಕ್ಕ ಕೇಳಿದ ಮೇಲೆ ಇಲ್ಲ ಅನ್ನಲು ಆಗುತ್ತದಾ? ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಂಟೆ ಸಮೇತ ಬರೆದೆ. 3:00ಕ್ಕೆ ಮನೆ ಬಿಡುವುದು. 3:40ಕ್ಕೆ ನೆಲಮಂಗಲ ದಾಟಬೇಕು. 6:15ಕ್ಕೆ ಹಾಸನದಲ್ಲಿ ತಿಂಡಿ. 7:45ಕ್ಕೆ ಸಕಲೇಶಪುರ. 9 ಗಂಟೆಯೊಳಗೆ ಶಿರಾಡಿ ಘಾಟಿ ಇಳಿದು ಗುಂಡ್ಯ. ಆಮೇಲೆ ಉಪ್ಪಿನಂಗಡಿ, ಮಾಣಿ, ಬಿ.ಸಿ.ರೋಡ್, ಮಂಗಳೂರಿನ ಪಂಪ್‌ವೆಲ್. 12 ಗಂಟೆಗೆ ನಮ್ಮ ಮನೆ. ಫೋಟೊ ತೆಗೆದು ಕಳಿಸಿದೆ. ಅದರ ಕೆಳಗೆ ಮೆಸೇಜ್ ಕೂಡ ಹಾಕಿದೆ.

ಆ ಮೆಸೇಜಿನ ವಿಷಯಕ್ಕೇ ಬರುತ್ತೇನೆ.

ಅವರು ಮನೆ ಬಿಟ್ಟದ್ದು 6:40ಕ್ಕೆ. ಹಾಸನ ದಾಟುವಾಗ ಹತ್ತು ಗಂಟೆ ಆಗಿತ್ತು. ಸಕಲೇಶಪುರದ ಆಚೆ ಗಾಡಿಗಳ ಸಾಲು. ಎಲ್ಲೋ ಮುಂದೆ ಮರ ಬಿದ್ದಿದೆ, ಮಣ್ಣು ಜರಿದಿದೆ ಅಂತ ಒಬ್ಬ ಹೇಳಿದನಂತೆ. ಲಾರಿ ಮಗುಚಿದೆ ಅಂತ ಇನ್ನೊಬ್ಬ. ಒಂದು ಗಂಟೆಗಿಂತ ಜಾಸ್ತಿ ಅಲ್ಲೇ ನಿಂತರು. ನಾನು ಇಲ್ಲಿಂದ ಫೋನ್ ಮೇಲೆ ಫೋನ್. ಒಂದು ಕಚೇರಿಯ ನಂಬರ್ ಸಿಕ್ಕಿತು. ಅದು ಘಾಟಿಯ ಮೇಲಿನವರಿಗೆ ಸೇರಿದ್ದು, ಅವರನ್ನು ಕೇಳಿ ಎಂದರು. ಮೇಲಿನ ನಂಬರಿಗೆ ಮಾಡಿದೆ. ಕೆಳಗಿನವರನ್ನು ಕೇಳಿ ಎಂದರು. ಘಾಟಿಯ ಮೇಲ್ಭಾಗ ಹಾಸನ ಜಿಲ್ಲೆ, ಕೆಳಗೆ ಬಂದರೆ ದಕ್ಷಿಣ ಕನ್ನಡ. ಗೊತ್ತು. ಆದರೆ ನಡುವೆ ಸಿಕ್ಕಿಬಿದ್ದ ಕಾರಿನಲ್ಲಿ ಐದು ವರ್ಷದ ಮಗು ಇದೆ ಸ್ವಾಮಿ, ಗಾಡಿ ಬಿಡುತ್ತೀರಾ ಇಲ್ಲವಾ ಅಷ್ಟು ಹೇಳಿ ಎಂದೆ. ಫೋನ್ ಇಟ್ಟರು.

ಕೊನೆಗೆ ನಾನೇ ತಿರುಗಿಸಿ ಎಂದೆ. ಹಾನಬಾಳು ಮೂಲಕ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ. ಗುರುವಾಯನಕೆರೆಯಲ್ಲಿ ಬಲಕ್ಕೆ ತಿರುಗಿದರೆ ಕಾರ್ಕಳ, ಅಲ್ಲಿಂದ ಸೀದಾ ಉಡುಪಿ, ಮಂಗಳೂರಿಗೆ ಹೋಗುವುದೇ ಬೇಡ ಎಂದು ಮೂರು ಸಲ ಹೇಳಿದೆ. ಗುರುವಾಯನಕೆರೆಯಲ್ಲಿ ಭಾವ ಬಲಕ್ಕೆ ತಿರುಗಲಿಲ್ಲ. "ಹೈವೇ ಇರುವಾಗ ಒಳದಾರಿ ಯಾಕೆ" ಅಂತ ಬಿ.ಸಿ.ರೋಡಿಗೆ ಹೋದರು. ಅಲ್ಲಿಂದ ಪಂಪ್‌ವೆಲ್, ನಂತೂರು, ಕೂಳೂರು, ಸುರತ್ಕಲ್, ಪಡುಬಿದ್ರಿ. ಮನೆ ಮುಂದೆ ಕಾರು ನಿಂತಾಗ 5:50.

ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದಳು. ಕೆಸುವಿನ ಎಲೆಯನ್ನು ಒಂದೊಂದಾಗಿ ಒರೆಸಿ, ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿದ ಪತ್ರೊಡೆ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟು ಕಡಲಿಗೆ ಇಳಿಯುವುದಿಲ್ಲ. ತಾಜಾ ಮೀನು ಬೇಕೆಂದರೆ ನಾಡದೋಣಿಯವರನ್ನೇ ಕಾಯಬೇಕು. ಆರು ಗಂಟೆಗೆ ಮಳೆಯಲ್ಲಿ ನಿಂತು ಕಾದು ಬಂಗುಡೆ ತಂದಿದ್ದೆ. ಅದರ ಪುಳಿಮುಂಚಿ ಸಾರು ಒಂದು ಗಂಟೆಗೆ ತಯಾರಿತ್ತು. ನಾಲ್ಕು ಗಂಟೆಗೆ ಅಮ್ಮ ಅದನ್ನು ಎರಡನೇ ಸಲ ಬಿಸಿ ಮಾಡಿದಳು. ನೀರುದೋಸೆ ತಣ್ಣಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಅಮ್ಮ ಬೆರಳ ತುದಿಯಲ್ಲಿ ಬಿಡಿಸಲು ನೋಡುತ್ತಿದ್ದಳು, ಅವು ಹರಿಯುತ್ತಿದ್ದವು. ಬೇರೆ ಹೊಯ್ಯುತ್ತೇನೆ ಬಿಡು ಎಂದು ಮತ್ತೆ ಕಾವಲಿ ಇಟ್ಟಳು. ಅವಳೂ ಊಟ ಮಾಡಿರಲಿಲ್ಲ.

ಇನ್ನು ಆ ಮಾತು.

ಎಲ್ಲರೂ ಚಾವಡಿಯಲ್ಲಿ ಕೂತಿದ್ದರು. ಪಕ್ಕದ ಮನೆಯ ಮಾವ, ಅತ್ತೆ ಕೂಡ ಬಂದಿದ್ದರು, ಅಕ್ಕನನ್ನು ನೋಡಿ ವರ್ಷವಾಯಿತು ಅಂತ. ನಾನು ಒಳಗಿನಿಂದ ಪತ್ರೊಡೆಯ ಬಟ್ಟಲು ಹಿಡಿದುಕೊಂಡು ಬಂದೆ. ಭಾವನ ಅಪ್ಪ ಕೇಳಿದರು: "ಏನಪ್ಪಾ, ಹನ್ನೆರಡಕ್ಕೆ ಊಟ ಅಂದಿದ್ರಿ, ಈಗ ಇದು ರಾತ್ರಿ ಊಟಾನಾ?" ಹಿರಿಯರು, ಹಸಿವಿನಲ್ಲಿದ್ದಾರೆ. ನಾನು ಏನೂ ಹೇಳಲಿಲ್ಲ. ಆಗ ಭಾವ ಜೇಬಿನಿಂದ ಫೋನ್ ತೆಗೆದರು. "ನಮ್ಮ ಎಕ್ಸ್‌ಪರ್ಟ್ ಏನು ಬರೆದಿದ್ದಾರೆ ಕೇಳಿ" ಎಂದರು. ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನ ಕಾಪಿ ಎತ್ತಿ ಹಿಡಿದು ಓದುತ್ತಾರಲ್ಲ, ಅದೇ ದನಿ. "ಒಂಬತ್ತು ಗಂಟೆ ಸಾಕು ಭಾವ." ಓದಿ ನಿಲ್ಲಿಸಿದರು. ಸುತ್ತ ನೋಡಿದರು. ಮತ್ತೆ ಓದಿದರು. "ಒಂಬತ್ತು ಗಂಟೆ ಸಾಕಂತೆ!"

ನಕ್ಕರು. ಎಲ್ಲರೂ ನಕ್ಕರು. ಪಕ್ಕದ ಮನೆಯ ಮಾವನೂ ನಕ್ಕರು.

ನಾನು ಬರೆದದ್ದು ಏನು ಗೊತ್ತಾ? ಒಂದಕ್ಷರ ಬಿಡದೆ ಹಾಕುತ್ತೇನೆ. "ದಾರಿ ಕ್ಲಿಯರ್ ಇದ್ದರೆ ಒಂಬತ್ತು ಗಂಟೆ ಸಾಕು ಭಾವ. ಆದರೆ ಮೂರಕ್ಕೆ ಮನೆ ಬಿಡಲೇಬೇಕು. ಆರಕ್ಕೆ ಹೊರಡುವುದಾದರೆ ಕಾರು ಬೇಡ, ಬಸ್ಸಲ್ಲಿ ಬನ್ನಿ." ಮೊದಲ ಮೂರು ಶಬ್ದ ನುಂಗಿದರು. ಕೆಳಗಿನದ್ದನ್ನು ಪೂರ್ತಿ ಬಿಟ್ಟರು. ನನ್ನ ಫೋನ್ ಕೋಣೆಯಲ್ಲಿ ಚಾರ್ಜಿಗೆ ಇತ್ತು. ಕೈಯಲ್ಲಿ ಬಟ್ಟಲು. ಇಟ್ಟು ಹೋಗಿ ತಂದು ತೋರಿಸಬೇಕಿತ್ತು. ಯಾಕೆ ತೋರಿಸಲಿಲ್ಲ? ಅಕ್ಕನ ಮುಖ ನೋಡಿದೆ. ಅವಳಿಗೆ ಗೊತ್ತಿತ್ತು, ಆ ಮೆಸೇಜ್ ಅವಳೂ ಓದಿದ್ದಳು. ಅವಳು ತಲೆ ತಗ್ಗಿಸಿ ಮಗಳ ಕೂದಲು ಸರಿ ಮಾಡುತ್ತಿದ್ದಳು. ನಾನು ಬಾಯಿ ಬಿಟ್ಟರೆ ಆ ಮಾತು ಕಾರಿನಲ್ಲಿ 400 ಕಿ.ಮೀ. ಅವಳ ಜೊತೆ ಹೋಗುತ್ತದೆ. ಅದಕ್ಕೆ ಸುಮ್ಮನಾದೆ.

ಅದೂ ಹೋಗಲಿ. ಅಮ್ಮ ದೋಸೆ ತಂದವಳು ಅಲ್ಲೇ ನಿಂತು, "ನೀನು ಸರಿ ವಿಚಾರಿಸಿ ಹೇಳಬೇಕಿತ್ತು ಮಗಾ" ಎಂದಳು. ಅಮ್ಮ! ಬೆಳಿಗ್ಗೆಯಿಂದ ನಾನು ಫೋನ್ ಹಿಡಿದು ಅಂಗಳದಲ್ಲಿ ಒದ್ದಾಡಿದ್ದನ್ನು ನೋಡಿದವಳು ಅವಳೇ. ಅವಳು ಬೀಗರ ಎದುರು ಮಾತು ತೇಲಿಸಲು ಹೇಳಿದ್ದು ಅಂತ ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಬಟ್ಟಲು ಕೆಳಗಿಟ್ಟು ಹಿತ್ತಲಿಗೆ ಹೋದೆ.

ಹಿತ್ತಲಿನ ನಲ್ಲಿ ಹತ್ತಿರ ಒಂದು ಬಕೆಟಿನಲ್ಲಿ ಮಗುವಿನ ಹಳದಿ ಫ್ರಾಕ್ ಇತ್ತು. ಚಾರ್ಮಾಡಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡಿದ್ದಳು, ಎರಡು ಸಲ. ಕೊರಳಿನ ಲೇಸಿನೊಳಗೆಲ್ಲ ಅಂಟಿಕೊಂಡಿತ್ತು. ಸೋಪು ಹಾಕಿ ಉಜ್ಜಿದೆ. ಅವಳು ಬಾಗಿಲಲ್ಲಿ ಬಂದು ನಿಂತಳು, ನನ್ನ ಹೆಂಡತಿಯ ದೊಡ್ಡ ಶಾಲು ಸುತ್ತಿಕೊಂಡು. "ಮಾಮ, ಸಮುದ್ರ ಎಲ್ಲಿ?" ಎಂದು ಕೇಳಿದಳು. ಐದಾರು ಕಿ.ಮೀ. ಆಚೆ ಮಲ್ಪೆ ಇದೆ ಪುಟ್ಟಿ, ಹೋಗುವ ಎಂದೆ. ಮಳೆಗಾಲದಲ್ಲಿ ನೀರಿಗೆ ಇಳಿಯಲು ಬಿಡುವುದಿಲ್ಲ, ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟೂ ಇಲ್ಲ, ಅದೆಲ್ಲ ಮೊದಲೇ ತಿಳಿಸಿದ್ದೆ. ಆದರೂ ದಡದಲ್ಲಿ ನಿಂತು ತೆರೆ ನೋಡಬಹುದಲ್ಲ? ಭಾವನ ಹತ್ತಿರ ಹೋಗಿ ಹದಿನೈದೇ ನಿಮಿಷ ಕೇಳಿದೆ. ಅಷ್ಟೆಲ್ಲ ಆದ ಮೇಲೂ ಹೋಗಿ ಕೇಳಿದೆ. "ಟೈಮ್ ಇಲ್ಲ, ನಾಳೆ ಮೀಟಿಂಗ್ ಇದೆ" ಎಂದರು.

ಕಡಲು ನೋಡಲು ಅಂತ 400 ಕಿ.ಮೀ. ಬಂದ ಮಗು ಕಡಲು ನೋಡದೆ ಹೋಯಿತು. ಇದಕ್ಕೆ ಯಾರನ್ನು ಬೈಯಲಿ?

ಭಾವನನ್ನು ಬೈದು ಏನು ಪ್ರಯೋಜನ, ಅದೂ ಅನಿಸುತ್ತದೆ. ಅವರು ಮೂರಕ್ಕೇ ಹೊರಟಿದ್ದರೂ ಮರ ಆ ಹೊತ್ತಿಗೇ ಬಿದ್ದಿದ್ದರೆ? ಈ ದಾರಿಯ ಹಣೆಬರಹವೇ ಅಷ್ಟು. 2015ರಲ್ಲಿ ಕಾಂಕ್ರೀಟ್ ಹಾಕುತ್ತೇವೆ ಅಂತ ಶಿರಾಡಿಯನ್ನು ತಿಂಗಳುಗಟ್ಟಲೆ ಮುಚ್ಚಿದರು. 2018ರಲ್ಲಿ ಇನ್ನೊಂದು ಭಾಗಕ್ಕೆ ಮತ್ತೆ ಮುಚ್ಚಿದರು, ಜುಲೈಯಲ್ಲಿ ತೆರೆದರು, ಆಗಸ್ಟ್‌ನಲ್ಲಿ ಗುಡ್ಡ ಜರಿದು ಮತ್ತೆ ಬಂದ್. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿಯಿತು. 2024ರ ಜುಲೈ ಕೊನೆಗೆ ಸಕಲೇಶಪುರದ ಹತ್ತಿರ ದೊಡ್ಡತಪ್ಪಲಿನಲ್ಲಿ ಗುಡ್ಡ ಬಂದು ರಸ್ತೆ ಮೇಲೆ ಕೂತಿತು. ರಸ್ತೆ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿಯುತ್ತಾರೆ, ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕೆಳಗೆ ಆಸರೆ ಇರುವುದಿಲ್ಲ, ಬೀಳುತ್ತದೆ. ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಾ? ಅಡಿಕೆ ತೋಟಕ್ಕೆ ಗುಡ್ಡದ ಬರೆ ಕಡಿದವರೆಲ್ಲರಿಗೂ ಗೊತ್ತು.

ಬೀಳುವುದನ್ನು ನಿಲ್ಲಿಸಿ ಅಂತ ಕೇಳಿ ಕೇಳಿ ಸಾಕಾಗಿದೆ. ಅದನ್ನು ಬಿಟ್ಟುಬಿಟ್ಟಿದ್ದೇನೆ. ನಾನು ಕೇಳುವುದು ಒಂದೇ. ಘಾಟಿಯಲ್ಲಿ ಈಗ, ಈ ಹೊತ್ತಿಗೆ, ಗಾಡಿ ಹೋಗುತ್ತಿದೆಯಾ ಇಲ್ಲವಾ? ಇದನ್ನು ಒಂದು ಕಡೆ ಫೋನ್ ಮಾಡಿದರೆ ಹೇಳುವವರು ಒಬ್ಬರು ಬೇಡವಾ? ಸಕಲೇಶಪುರದಲ್ಲೇ ಒಂದು ದೊಡ್ಡ ಬೋರ್ಡ್ ಹಾಕಿ, ಅರ್ಧ ಗಂಟೆಗೊಮ್ಮೆ ಬದಲಿಸಿ: ತೆರೆದಿದೆ, ಮುಚ್ಚಿದೆ. ಇತ್ತ ಉಪ್ಪಿನಂಗಡಿಯಲ್ಲಿ ಒಂದು. ಟೋಲ್ ಗೇಟಿನಲ್ಲಿ ದುಡ್ಡು ಮಾತ್ರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗುತ್ತದೆ. ಆ ದುಡ್ಡಿಗೆ ಮುಂದೆ ದಾರಿ ಇದೆಯಾ ಅಂತ ಹೇಳುವಷ್ಟು ಋಣವೂ ಇಲ್ಲವಾ? ಹೇಳುವವರು ಯಾರೂ ಇಲ್ಲದ್ದಕ್ಕೆ ಎಲ್ಲರೂ ನಮ್ಮನ್ನು ಕೇಳುತ್ತಾರೆ. ಊರಲ್ಲಿರುವವನಿಗೆ ಗೊತ್ತಿರುತ್ತದೆ ಅಂತ. ಉಡುಪಿಯಲ್ಲಿ ಕೂತವನಿಗೆ ಘಾಟಿಯ ಮಾರನಹಳ್ಳಿಯಲ್ಲಿ ಯಾವ ಮರ ಬಿತ್ತು ಅಂತ ಹೇಗೆ ಗೊತ್ತಾಗಬೇಕು? ಉತ್ತರ ಕೊಡಿ. ಯಾರಾದರೂ ಸರಿ.

ಇನ್ನು ಮೇಲೆ ಯಾರಿಗೂ ದಾರಿ ಹೇಳುವುದಿಲ್ಲ ಅಂತ ಎಂಟು ಗಂಟೆಗೆ ಹೆಂಡತಿಯ ಹತ್ತಿರ ಆಣೆ ಇಟ್ಟೆ. ಹತ್ತು ಗಂಟೆಗೆ ಅಕ್ಕ ಫೋನ್ ಮಾಡಿದಾಗ ನೆಲ್ಯಾಡಿಯ ನಂತರ ನಿಧಾನ ಹೋಗಿ, ಗುಂಡ್ಯದಲ್ಲಿ ಒಮ್ಮೆ ವಿಚಾರಿಸಿಯೇ ಮುಂದೆ ಹೋಗಿ ಅಂತ ಮತ್ತೆ ನಾನೇ ಹೇಳಿದೆ.

ಹೌದು, ಹೊರಟರು. 7:30ಕ್ಕೆ. ಈ ಮಳೆಯಲ್ಲಿ. ಉಳಿಯಿರಿ ಎಂದು ಅಮ್ಮ ಕೈ ಹಿಡಿದಳು. ಬಿ.ಸಿ.ರೋಡಿನಲ್ಲೋ ಉಪ್ಪಿನಂಗಡಿಯಲ್ಲೋ ಲಾಡ್ಜ್ ಹಿಡಿದು ಬೆಳಿಗ್ಗೆ ಘಾಟಿ ಹತ್ತಿ ಎಂದು ನಾನೂ ಹೇಳಿದೆ. ಮಣ್ಣು ತೆಗೆದಿದ್ದಾರೆ, ಒಂದು ಬದಿ ಬಿಟ್ಟಿದ್ದಾರೆ ಅಂತ ಭಾವನ ಯಾವುದೋ ಗುಂಪಿನಲ್ಲಿ ಬಂದಿತ್ತಂತೆ. ಯಾರು ಹೇಳಿದ್ದು, ಎಷ್ಟು ಹೊತ್ತಿಗೆ ಹೇಳಿದ್ದು ಕೇಳಿದೆ. "ಬಿಡಪ್ಪಾ, ನಿನ್ನ ಲೆಕ್ಕ ನೋಡಿದ್ದೀವಲ್ಲ" ಎಂದರು. ಒದ್ದೆ ಫ್ರಾಕನ್ನು ಕವರಿನಲ್ಲಿ ಹಾಕಿ ಅಕ್ಕನ ಕೈಗೆ ಕೊಟ್ಟೆ. ಪತ್ರೊಡೆಯನ್ನು ಡಬ್ಬಿಗೆ ಹಾಕಿ ಕೊಟ್ಟೆವು. ಮಗು ಹಿಂದಿನ ಸೀಟಿನಲ್ಲಿ ಮಲಗಿತ್ತು.

ಉಪ್ಪಿನಂಗಡಿಯಿಂದ 10:10ಕ್ಕೆ ಬಂದದ್ದೇ ಕೊನೆಯ ಫೋನ್. ಚಹಾ ಕುಡಿದು ಹೊರಟಿದ್ದೇವೆ ಎಂದಳು. ಗುಂಡ್ಯದಿಂದ ಮೇಲೆ ನೆಟ್‌ವರ್ಕ್ ಸರಿ ಸಿಗುವುದಿಲ್ಲ, ಗೊತ್ತು. ಆದರೆ ಇಷ್ಟೊತ್ತಿಗೆ ಸಕಲೇಶಪುರ ಮುಟ್ಟಬೇಕಿತ್ತು. ಅಕ್ಕನಿಗೆ ಹನ್ನೊಂದು ಸಲ ಮಾಡಿದೆ. ಭಾವನಿಗೆ ಆರು ಸಲ. ಸ್ವಿಚ್ ಆಫ್ ಅಥವಾ ವ್ಯಾಪ್ತಿ ಪ್ರದೇಶದ ಹೊರಗೆ ಅಂತ ಆ ಹೆಂಗಸಿನ ದನಿ. ಬೆಳಿಗ್ಗೆ ಮಾಡಿದ ಆ ಎರಡು ನಂಬರಿಗೂ ಮಾಡಿದೆ. ಎತ್ತುವವರಿಲ್ಲ.

ಸಕಲೇಶಪುರ, ಮಾರನಹಳ್ಳಿ, ಗುಂಡ್ಯ ಕಡೆ ಯಾರಾದರೂ ಎಚ್ಚರ ಇದ್ದೀರಾ? ಲಾರಿ ಓಡಿಸುವವರು, ಚಹಾದಂಗಡಿಯವರು, ಯಾರಾದರೂ. ಬಿಳಿ ಕಾರು, ಹೊಸದು, ಮುಂದಿನ ಗಾಜಿನ ಮೇಲೆ ಪೂಜೆಯ ಕುಂಕುಮ ಇನ್ನೂ ಇದೆ. ಹಿಂದಿನ ಸೀಟಿನಲ್ಲಿ ಶಾಲು ಹೊದ್ದ ಒಂದು ಚಿಕ್ಕ ಹುಡುಗಿ. ಶಿರಾಡಿಯಲ್ಲಿ ಈಗ ಗಾಡಿ ಬಿಡುತ್ತಿದ್ದಾರಾ, ಅಷ್ಟು ಹೇಳಿ.