ಡಸ್ಟರ್ ಇಲ್ಲದ ಬೋರ್ಡು

ಬಿ.ಇಡಿ. ಓದುವಾಗ ಬೋರ್ಡಿನ ಮೇಲೆ ಬರೆಯುವುದನ್ನೂ ಕಲಿಸುತ್ತಾರೆ. ಅಕ್ಷರ ಕೊನೇ ಬೆಂಚಿಗೂ ಕಾಣಬೇಕು, ಸಾಲು ಜಾರಬಾರದು, ಬರೆದದ್ದಕ್ಕೆ ಅಡ್ಡ ನಿಲ್ಲಬಾರದು, ಪಿರಿಯಡ್ ಮುಗಿದಾಗ ಒರೆಸಿ ಹೊರಡಬೇಕು. ಆದರೆ ಕೆಲಸಕ್ಕೆ ಸೇರಿದ ವಾರದಲ್ಲೇ ಕೈಗೆ ಬೀಳುವ ಇನ್ನೊಂದು ಬೋರ್ಡಿದೆಯಲ್ಲ, ತರಗತಿಯ ಪೋಷಕರ ವಾಟ್ಸಾಪ್ ಗ್ರೂಪು, ಅದರ ಅಭ್ಯಾಸ ಮಾಡಿಸಿ ಅಂಕ ಕೊಡುವವರು ಕಾಣೆ.

ಆ ಬೋರ್ಡಿಗೆ ಡಸ್ಟರ್ ಇಲ್ಲ. ಹಾಕಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ ಎರಡೂವರೆ ದಿನ ಇರುತ್ತದೆ, ನಿಜ. ಅಳಿಸಿದರೆ 'ಅಳಿಸಲಾಗಿದೆ' ಎಂಬ ಸಾಲು ಉಳಿಯುತ್ತದೆ. ಮೇಡಂ ಏನು ಬರೆದಿದ್ದರೋ ಎಂದು ನಲವತ್ತು ಮನೆಗಳಲ್ಲಿ ಚರ್ಚೆ. ತಿದ್ದುವುದಕ್ಕಾದರೆ ಹದಿನೈದೇ ನಿಮಿಷ. ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದಾಗಿರುತ್ತದೆ. ಹಾಗಾಗಿ ಹೆಸರಿನ ಸಮೇತ ಅಂಕಪಟ್ಟಿ ಹಾಕಲೇಬಾರದು. 50ಕ್ಕೆ 12 ತೆಗೆದ ಹುಡುಗನ ಅಂಕ ತರಗತಿಯ ಬೋರ್ಡಿನ ಮೇಲಾದರೆ ಮುಂದಿನ ಪಿರಿಯಡ್‌ಗೆ ಸೀಮೆಸುಣ್ಣದ ಪುಡಿ, ಗ್ರೂಪಿನಲ್ಲಾದರೆ ಉಳಿದೇ ಬಿಡುತ್ತದೆ.

ಗ್ರೂಪು ಮಾಡಿದ ಕೂಡಲೇ, ಯಾರನ್ನೂ ಸೇರಿಸುವ ಮೊದಲು, ಅಡ್ಮಿನ್‌ಗಳಷ್ಟೇ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿಕೊಳ್ಳಿ. ಇಲ್ಲದಿದ್ದರೆ ನಲವತ್ತು 'ಓಕೆ ಮಿಸ್', ಅದರ ನಡುವೆ ಗುಲಾಬಿ ಹೂವಿನ ಶುಭೋದಯ. ಹೋಂವರ್ಕ್ ಎಲ್ಲೋ ಮೇಲೆ ಹೂತುಹೋಗಿರುತ್ತದೆ. ಗ್ರೂಪಿನಲ್ಲಿ ಪ್ರತಿ ತಾಯಿಯ ನಂಬರೂ ಎಲ್ಲರ ಕಣ್ಣಿಗೆ ಬೀಳುತ್ತದೆ ಎಂಬುದು ಇನ್ನೊಂದು ತೊಡಕು. ಅದು ಬೇಡವೆಂದರೆ ಒಂದೇ ಸಂದೇಶವನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಇದೆ, ಒಂದರಲ್ಲಿ 256 ಜನ. ಅದರ ಕುತ್ತು ಬೇರೆ: ಮೇಷ್ಟ್ರ ನಂಬರನ್ನು ಸೇವ್ ಮಾಡಿಕೊಳ್ಳದವರಿಗೆ ಸಂದೇಶ ತಲುಪುವುದೇ ಇಲ್ಲ. 'ನಮಗೆ ಬಂದಿಲ್ಲ ಸಾರ್' ಎಂದ ಮಗುವನ್ನು ಗದರುವ ಮುಂಚೆ ಇದನ್ನು ನೆನೆಯಬೇಕು. ಪೋಷಕರ ಸಭೆಯಲ್ಲೇ ಒಬ್ಬೊಬ್ಬರಿಂದ ಸೇವ್ ಮಾಡಿಸಿಬಿಡುವುದು ಲೇಸು.

ಬರೆಯುವ ಕ್ರಮವೂ ಬೋರ್ಡಿನದೇ: ದಿನಾಂಕ, ತರಗತಿ, ವಿಷಯ, ಅಭ್ಯಾಸದ ಸಂಖ್ಯೆ, ಯಾವ ಲೆಕ್ಕದಿಂದ ಯಾವ ಲೆಕ್ಕದವರೆಗೆ. ಒಂದೇ ಸಂದೇಶ. ನೋಟ್ಸಿನ ಸಣ್ಣ ಅಕ್ಷರವನ್ನು ಫೋಟೋ ಆಗಿ ಕಳಿಸಿದರೆ ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಇಷ್ಟಾದರೂ ಅದನ್ನೇ ತರಗತಿಯಲ್ಲಿ ಬೋರ್ಡಿನ ಮೇಲೂ ಬರೆಯಲೇಬೇಕು. ಮೂರು ಮಕ್ಕಳಿರುವ ಮನೆಯಲ್ಲಿ ಫೋನು ಒಂದೇ ಇರಬಹುದು, ಅದೂ ಅಪ್ಪನ ಜೇಬಿನಲ್ಲಿ. ಅಪ್ಪ ಮನೆ ಮುಟ್ಟುವಾಗ ರಾತ್ರಿ ಎಂಟು.

ಮಕ್ಕಳನ್ನೇ ಗ್ರೂಪಿಗೆ ಸೇರಿಸೋಣ ಎನ್ನುವವರಿದ್ದಾರೆ. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡರ ನಿಯಮವೂ 13 ವರ್ಷ ತುಂಬಿರಬೇಕು ಎನ್ನುತ್ತದೆ. ಏಳನೇ ತರಗತಿಯ ಬಹುಪಾಲು ಮಕ್ಕಳು ಅಲ್ಲಿಗೇ ಹೊರಗೆ.

ಪಾಠಕ್ಕೆ ಸೋಷಿಯಲ್ ಮೀಡಿಯಾ ಬೇಡವೇ? ಬೇಕು, ಫೋನು ಬೇಡ. ಯುನೆಸ್ಕೋ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಸಾರಿತು ಎಂಬ ಸುಳ್ಳು ಫಾರ್ವರ್ಡು ವರ್ಷಗಳಿಂದ ಓಡಾಡುತ್ತಿದೆ. ಅದನ್ನು ಬೋರ್ಡಿನ ಮೇಲೆ ಬರೆದು ಕೇಳಿ: ಯಾರು ಹೇಳಿದರು? ಯಾವತ್ತು? ಅವರು ಹೇಳಿದ್ದಾರೆಂದು ಎಲ್ಲಿ ನೋಡುವುದು? ಸಂದೇಶದ ತಲೆಯ ಮೇಲಿನ ಜೋಡಿ ಬಾಣವನ್ನೂ ಬಿಡಿಸಿ. ಹಲವು ಕೈ ದಾಟಿ ಬಂದದ್ದೆಂಬ ಗುರುತು ಅದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ದಾಟಿಸಲು ಸಾಧ್ಯ. ಹತ್ತು ನಿಮಿಷ ಸಾಕು. ಮುಗಿದ ಮೇಲೆ ಮರೆಯದೆ ಒರೆಸಿ. ಮುಂದಿನ ಪಿರಿಯಡ್‌ಗೆ ಬಂದ ಗಣಿತದ ಮೇಷ್ಟ್ರು ಅದರ ಫೋಟೋ ತೆಗೆದು ಸ್ಟಾಫ್ ಗ್ರೂಪಿಗೆ ಹಾಕಿಯಾರು, 'ಹೆಮ್ಮೆಯ ವಿಷಯ' ಅಂತ.